ಕಾರ್ ಇನ್ಶೂರೆನ್ಸ್ ಕ್ಲೇಮ್ ದುಡ್ಡು ಬರ್ತಿಲ್ವಾ? ಮೊದಲು ಫೈಲ್ ಯಾರ ಹತ್ತಿರ ಇದೆ ನೋಡಿ

ರಿಪೇರಿ ಮುಗಿದು ಕಾರು ಮನೆಗೆ ಬಂದಿದೆ, ಬಿಲ್ ನೀವೇ ಕಟ್ಟಿದ್ದೀರಿ, ಕಂಪನಿಯಿಂದ ಮಾತ್ರ ದುಡ್ಡಿಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "ಪ್ರೋಸೆಸ್‌ನಲ್ಲಿದೆ ಸರ್" ಅಂತಾರೆ. ಇದು ಉತ್ತರವೇ ಅಲ್ಲ. ಫೈಲ್ ಯಾವಾಗಲೂ ಯಾರೋ ಒಬ್ಬರ ಹತ್ತಿರ ನಿಂತಿರುತ್ತದೆ. ಗ್ಯಾರೇಜ್, ಸರ್ವೇಯರ್ (ಹಾನಿ ಎಷ್ಟು ಅಂತ ನೋಡೋಕೆ ಕಂಪನಿ ನೇಮಿಸುವವರು), ಕಂಪನಿಯ ಕ್ಲೇಮ್ಸ್ ವಿಭಾಗ, ಇಲ್ಲಾ ನಿಮ್ಮ ಹತ್ತಿರವೇ. ಅದು ಗೊತ್ತಾಗದೆ ಕೂಗಾಡಿದರೆ ಸುಮ್ನೆ ಗಂಟಲು ನೋವು.

ಕಂಪನಿಗೆ ಎಷ್ಟು ದಿನ ಟೈಮ್ ಇದೆ ಅನ್ನೋದು ಮೊದಲು ತಿಳಿದಿರಲಿ. ಇನ್ಶೂರೆನ್ಸ್ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ 2024ರ ಜೂನ್‌ನಲ್ಲಿ ಹೊರಡಿಸಿದ ಮಾಸ್ಟರ್ ಸರ್ಕ್ಯುಲರ್ ಪ್ರಕಾರ, ಸರ್ವೇಯರ್ ಬೇಕಾದ ಕ್ಲೇಮ್ ಆಗಿದ್ದರೆ ನೀವು ತಿಳಿಸಿದ 24 ಗಂಟೆಯೊಳಗೆ ಅವರನ್ನು ನೇಮಿಸಬೇಕು. ಅಲ್ಲಿಂದ 15 ದಿನದೊಳಗೆ ಸರ್ವೇ ರಿಪೋರ್ಟ್ ಬರಬೇಕು, ರಿಪೋರ್ಟ್ ಕೈಗೆ ಬಂದ 7 ದಿನದೊಳಗೆ ಕಂಪನಿ ತೀರ್ಮಾನ ಹೇಳಬೇಕು. ಟೈಮಿಗೆ ಸರಿಯಾಗಿ ರಿಪೋರ್ಟ್ ತರಿಸಿಕೊಳ್ಳುವ ಜವಾಬ್ದಾರಿಯೂ ಕಂಪನಿಯದೇ. ಹಾಗಾಗಿ "ಸರ್ವೇಯರ್ ಇನ್ನೂ ಕೊಟ್ಟಿಲ್ಲ, ನಾವೇನ್ ಮಾಡೋಣ" ಅನ್ನೋ ಮಾತಿಗೆ ತಲೆಯಾಡಿಸಿ ಬರಬೇಡಿ. ಅವರನ್ನು ನೇಮಿಸಿದ್ದು ನೀವಲ್ಲ ಅಲ್ವಾ?

ಎಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ

ಗ್ಯಾರೇಜ್‌ನಿಂದ ಶುರು ಮಾಡಿ, ಯಾಕಂದ್ರೆ ಅರ್ಧ ಗೋಳು ಅಲ್ಲೇ ಇರುತ್ತದೆ. ಬಂಪರ್ ಬಿಚ್ಚಿದ ಮೇಲೆ ಒಳಗೆ ರೇಡಿಯೇಟರ್ ಕೂಡ ಹೋಗಿರೋದು ಕಾಣುತ್ತದೆ, ಅದಕ್ಕೆ ಸಪ್ಲಿಮೆಂಟರಿ ಎಸ್ಟಿಮೇಟ್ ಕಳಿಸಬೇಕು, ಅದನ್ನು ಸರ್ವೇಯರ್ ಒಪ್ಪಬೇಕು. ಗ್ಯಾರೇಜ್‌ನವರು ಕಳಿಸೋದನ್ನೇ ಮರೆತು, ಪಾರ್ಟ್ ಹಾಕಿ, ಬಿಲ್ ಮಾಡಿಬಿಟ್ಟರೆ ಎಸ್ಟಿಮೇಟ್‌ಗೂ ಬಿಲ್‌ಗೂ ಹೊಂದದೆ ಫೈಲ್ ಅಲ್ಲೇ ಕೂರುತ್ತದೆ. ರಿಪೇರಿ ಆದಮೇಲೆ ಕೆಲವು ಸಲ ರೀಇನ್‌ಸ್ಪೆಕ್ಷನ್ ಇರುತ್ತದೆ, ಅದಾಗದೆ ಗಾಡಿ ಹೊರಗೆ ತಂದಿದ್ದರೆ ಅದೂ ಬಾಕಿ. ಹಳೆಯ ಪಾರ್ಟ್‌ಗಳನ್ನು ತೋರಿಸಿ ಅಂತಲೂ ಕೇಳಬಹುದು. ಸರ್ವಿಸ್ ಅಡ್ವೈಸರ್ ಮುಂದೆ ನಿಂತು, ಏನೇನು ಕಳಿಸಿದ್ದೀರಿ, ಯಾವ ದಿನ ಕಳಿಸಿದ್ದೀರಿ ಅಂತ ಅವರ ಮೇಲ್ ತೆಗೆಸಿ ನೋಡಿ. ಫೋನ್‌ನಲ್ಲಿ "ಎಲ್ಲಾ ಕಳಿಸಿದೀವಿ" ಅನ್ನೋದು ಸುಲಭ.

ನಿಮ್ಮ ಕಡೆಯದನ್ನೂ ಒಮ್ಮೆ ನೋಡಿಕೊಳ್ಳಿ. ಕ್ಯಾನ್ಸಲ್ ಮಾಡಿದ ಚೆಕ್‌ನಲ್ಲಿ ಇರುವ ಹೆಸರು, ಪಾಲಿಸಿಯಲ್ಲಿ ಇರುವ ಹೆಸರು ಒಂದೇ ಇದೆಯಾ? ಕೆವೈಸಿ ಆಗಿದೆಯಾ? ದುಡ್ಡು ಕಟ್ಟಿದ ರಸೀದಿ ಕೊಟ್ಟಿದ್ದೀರಾ, ಇಲ್ಲಾ ಬರೀ ಬಿಲ್ ಕೊಟ್ಟಿದ್ದೀರಾ?

ಕಾರು ಕಳವಾಗಿದ್ದರೆ ಕಥೆಯೇ ಬೇರೆ. ಎಫ್‌ಐಆರ್ ಒಂದೇ ಸಾಲದು, ಗಾಡಿ ಪತ್ತೆ ಆಗಲಿಲ್ಲ ಅಂತ ಪೊಲೀಸರು ಕೋರ್ಟ್‌ಗೆ ಕೊಡುವ ವರದಿ ಬೇಕು. ನಮ್ಮ ಸ್ಟೇಷನ್‌ಗಳಲ್ಲಿ ಇದನ್ನೇ 'ಸಿ ರಿಪೋರ್ಟ್' ಅನ್ನೋದು. ಅದು ಬರೋಕೆ ತಿಂಗಳುಗಳೇ ಹಿಡಿಯಬಹುದು. ಇಲ್ಲಿ ಕಂಪನಿ ಮೇಲೆ ರೇಗಾಡೋದಕ್ಕಿಂತ ಸ್ಟೇಷನ್‌ಗೆ ಹೋಗಿ ಬರೋದೇ ಜಾಸ್ತಿ ಉಪಯೋಗ. ಕಾರಿನ ಮೇಲೆ ಲೋನ್ ಇದ್ದು, ಗಾಡಿ ಕಳವಾಗಿದ್ದರೆ ಅಥವಾ ಟೋಟಲ್ ಲಾಸ್ (ರಿಪೇರಿ ಮಾಡಿಸಿ ಪ್ರಯೋಜನವಿಲ್ಲದಷ್ಟು ಹಾಳು) ಆಗಿದ್ದರೆ, ದುಡ್ಡು ಮೊದಲು ಬ್ಯಾಂಕಿಗೆ ಹೋಗುತ್ತದೆ. ಬ್ಯಾಂಕಿನಿಂದ ಬಾಕಿ ಎಷ್ಟು ಅನ್ನೋ ಪತ್ರವನ್ನು ಈಗಲೇ ತೆಗೆಸಿಡಿ.

ಒಂದು ಇಮೇಲ್, ನಾಲ್ಕು ಪ್ರಶ್ನೆ

ಇಷ್ಟು ತಿಳಿದ ಮೇಲೆ ಫೋನ್ ಬದಿಗಿಟ್ಟು ಇಮೇಲ್ ಬರೆಯಿರಿ. ಏಜೆಂಟ್‌ಗೆ ವಾಟ್ಸಾಪ್ ಮಾಡಿದ್ದು ಲೆಕ್ಕಕ್ಕೆ ಬರುತ್ತದೆ ಅಂದುಕೊಳ್ಳಬೇಡಿ, ಬರವಣಿಗೆ ನೇರ ಕಂಪನಿಗೇ ಹೋಗಬೇಕು. ಉದ್ದ ಗೋಳು ಬೇಡ, ಕೋಪವೂ ಬೇಡ. ಹೀಗಿದ್ದರೆ ಸಾಕು:

"ನನ್ನ ಕ್ಲೇಮ್ ನಂಬರ್ ಇಂಥದ್ದು, ಪಾಲಿಸಿ ನಂಬರ್ ಇಂಥದ್ದು. ಇಂಥ ದಿನ ಅಪಘಾತ ತಿಳಿಸಿದ್ದೇನೆ, ಇಂಥ ದಿನ ಕೊನೆಯ ಕಾಗದ ಕೊಟ್ಟಿದ್ದೇನೆ. ಸರ್ವೇ ರಿಪೋರ್ಟ್ ನಿಮಗೆ ಯಾವ ದಿನ ಬಂತು? ನನ್ನಿಂದ ಇನ್ನೂ ಯಾವುದಾದರೂ ಕಾಗದ ಬಾಕಿ ಇದೆಯೇ? ಎಷ್ಟು ಮೊತ್ತ ಒಪ್ಪಿದ್ದೀರಿ? ಯಾವ ದಿನ ಖಾತೆಗೆ ಹಾಕುತ್ತೀರಿ? ಸರ್ವೇ ರಿಪೋರ್ಟ್‌ನ ಪ್ರತಿ ಕಳಿಸಿ. ತಡವಾದ ದಿನಗಳಿಗೆ ನಿಯಮದ ಪ್ರಕಾರ ಬಡ್ಡಿ ಸೇರಿಸಿ ಕೊಡಿ."

ಕೊನೆಯ ವಾಕ್ಯ ಬಿಡಬೇಡಿ. ಗಡುವು ಮೀರಿದರೆ ಬ್ಯಾಂಕ್ ರೇಟ್‌ಗಿಂತ (ಆರ್‌ಬಿಐ ನಿಗದಿ ಮಾಡುವ ದರ) 2% ಜಾಸ್ತಿ ಬಡ್ಡಿ ಕೊಡಬೇಕು ಅಂತ ಐಆರ್‌ಡಿಎಐ ನಿಯಮದಲ್ಲೇ ಇದೆ. ಬಡ್ಡಿ ದೊಡ್ಡ ಮೊತ್ತವೇನೂ ಆಗಲ್ಲ. ಆದರೆ ಕೇಳುವವರಿಗೆ ನಿಯಮ ಗೊತ್ತಿದೆ ಅಂತ ಆ ಕಡೆಯವರಿಗೆ ಅರ್ಥವಾಗುತ್ತದೆ. "ಇನ್ನೊಂದು ಕಾಗದ ಬೇಕು" ಅಂತ ಕಂತು ಕಂತಾಗಿ ಕೇಳುತ್ತಿದ್ದರೆ, ಬೇಕಾದ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಬರೆದು ಕೊಡಿ ಅಂತ ಇದೇ ಇಮೇಲ್‌ನಲ್ಲಿ ಕೇಳಿ.

ಕಡಿಮೆ ದುಡ್ಡು ಕೊಡ್ತೀವಿ ಅಂದರೆ

ಎಷ್ಟೋ ಸಲ ತಡಕ್ಕೆ ಅಸಲಿ ಕಾರಣ ಮೊತ್ತದ ಜಗಳ. ಜಗಳಕ್ಕೆ ಹೋಗುವ ಮುಂಚೆ ಲೆಕ್ಕ ನೋಡಿ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ 50% ಸವಕಳಿ (ಬಳಸಿ ಹಳೆಯದಾದದ್ದಕ್ಕೆ ಕಡಿತ) ಕಳೆಯುತ್ತಾರೆ. ಗಾಜಿಗೆ ಕಳೆಯುವ ಹಾಗಿಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಮೇಲೆ ಹೋಗುತ್ತದೆ. ಝೀರೋ ಡೆಪ್ (ಸವಕಳಿ ಕಳೆಯದ ಹೆಚ್ಚುವರಿ ಕವರ್) ತೆಗೆದುಕೊಂಡಿದ್ದೂ ಬಂಪರ್‌ಗೆ ಅರ್ಧ ದುಡ್ಡು ಕಳೆದಿದ್ದರೆ ಮಾತ್ರ ಬಿಡಬೇಡಿ. ದುಡ್ಡು ಕೊಡುವ ಮುಂಚೆ ಕಂಪನಿ ಸಹಿ ಕೇಳುವ ವೋಚರ್‌ನಲ್ಲಿ 'ಪೂರ್ತಿ ಮತ್ತು ಅಂತಿಮ' ಅಂತ ಇದ್ದರೆ, ಸಹಿ ಹಾಕುವ ಮುಂಚೆಯೇ ಮೊತ್ತ ಒಪ್ಪಿಲ್ಲ ಅಂತ ಇಮೇಲ್ ಹಾಕಿಡಿ. ಸಹಿ ತೋರಿಸಿ ಗ್ರಾಹಕರ ಬಾಯಿ ಮುಚ್ಚಿಸುವ ಹಾಗಿಲ್ಲ ಅಂತ ಐಆರ್‌ಡಿಎಐ 2015ರಲ್ಲೇ ಕಂಪನಿಗಳಿಗೆ ಹೇಳಿದೆ. ಆದರೂ ಇಮೇಲ್ ಇದ್ದರೆ ಮುಂದೆ ವಾದ ಮಾಡೋದು ಸುಲಭ.

ಉತ್ತರ ಬರದಿದ್ದರೆ

ಮೊದಲು ಕಂಪನಿಯ ಗ್ರೀವೆನ್ಸ್ ಆಫೀಸರ್‌ಗೆ ದೂರು. ಇವರ ವಿಳಾಸ ನಿಮ್ಮ ಪಾಲಿಸಿ ಕಾಗದದಲ್ಲೇ ಇರುತ್ತದೆ, ಕಸ್ಟಮರ್ ಕೇರ್ ಬೇರೆ, ಇವರು ಬೇರೆ. ಎರಡು ವಾರದಲ್ಲಿ ಪರಿಹಾರ ಸಿಗದಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದಾಖಲಿಸಿ, ಇಲ್ಲಾ 155255ಕ್ಕೆ ಫೋನ್ ಮಾಡಿ. ಐಆರ್‌ಡಿಎಐ ತಾನೇ ಕೂತು ತೀರ್ಪು ಕೊಡಲ್ಲ, ದೂರನ್ನು ಕಂಪನಿಗೇ ಕಳಿಸುತ್ತದೆ. ಆದರೂ ಮಾಡಿ. ಕಸ್ಟಮರ್ ಕೇರ್‌ನಲ್ಲಿ ಮಲಗಿದ್ದ ಫೈಲ್ ಎಷ್ಟೋ ಸಲ ಇಲ್ಲೇ ಎದ್ದು ಕೂರುತ್ತದೆ.

ಅದಕ್ಕೂ ಬಗ್ಗದಿದ್ದರೆ ಇನ್ಶೂರೆನ್ಸ್ ಓಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ಕೇಳಿ ತೀರ್ಪು ಕೊಡುವ ಅಧಿಕಾರಿ. ನನ್ನ ಪ್ರಕಾರ ಸಾಮಾನ್ಯ ಜನಕ್ಕೆ ಇದೇ ಒಳ್ಳೆಯ ದಾರಿ. ಫೀಸ್ ಇಲ್ಲ, ವಕೀಲರು ಬೇಡ, 50 ಲಕ್ಷದವರೆಗೂ ಪರಿಹಾರ ಕೊಡಬಹುದು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರ 1ನೇ ಹಂತದ ಜೀವನ್ ಸೌಧದಲ್ಲಿದೆ, ಆನ್‌ಲೈನ್‌ನಲ್ಲೂ ಹಾಕಬಹುದು. ಷರತ್ತು ಇಷ್ಟೇ: ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಒಂದು ತಿಂಗಳು ಕಾದಿರಬೇಕು, ಇಲ್ಲಾ ಅವರು ಆಗಲ್ಲ ಅಂದಿರಬೇಕು ಅಥವಾ ಅವರ ಉತ್ತರ ನಿಮಗೆ ಸರಿ ಅನ್ನಿಸಿರಬಾರದು. ಅಲ್ಲಿಂದ ಒಂದು ವರ್ಷದೊಳಗೆ ಬರಬೇಕು. ತೀರ್ಪು ಬಂದು 30 ದಿನದಲ್ಲಿ ಪಾಲಿಸದಿದ್ದರೆ ಕಂಪನಿ ನಿಮಗೆ ದಿನಕ್ಕೆ 5,000 ರೂಪಾಯಿ ದಂಡ ಕೊಡಬೇಕು. ಹಾಗಾಗಿ ತೀರ್ಪಾದ ಮೇಲೆ ಎಳೆದಾಡೋದು ಅವರಿಗೇ ದುಬಾರಿ.

ಓಂಬುಡ್ಸ್‌ಮನ್ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಸಮಾಧಾನ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಅದಕ್ಕೆ ಎರಡು ವರ್ಷದ ಮಿತಿ ಇದೆ. ಅಲ್ಲಿ ಫೀಸ್ ಲೆಕ್ಕಕ್ಕೆ ನೋಡೋದು ನೀವು ಕಟ್ಟಿದ ಪ್ರೀಮಿಯಂ, 5 ಲಕ್ಷದವರೆಗೆ ಫೀಸ್ ಇಲ್ಲ, ಅಂದರೆ ಕಾರ್ ಇಟ್ಟವರಲ್ಲಿ ಬಹುತೇಕ ಎಲ್ಲರಿಗೂ ಪುಕ್ಕಟೆ. ಆದರೆ ಕ್ರಮ ತಪ್ಪಬೇಡಿ. ಗ್ರಾಹಕ ಆಯೋಗದಲ್ಲಿ ಕೇಸ್ ನಡೆಯುತ್ತಿದ್ದರೆ ಓಂಬುಡ್ಸ್‌ಮನ್ ನಿಮ್ಮ ದೂರು ತೆಗೆದುಕೊಳ್ಳಲ್ಲ.