ಒಂದು ಹಡಗಿನಲ್ಲಿ ಇಡೀ ಸಿಲಬಸ್

ಪದವಿ ತರಗತಿಗೆ ಜಾಗತೀಕರಣ ಮತ್ತು ಸಮಕಾಲೀನ ಜಗತ್ತು ಪಾಠ ಮಾಡುವವರಿಗೆಲ್ಲ ಈ ಅನುಭವ ಆಗಿಯೇ ಇರುತ್ತದೆ. ಈ ವಿಷಯ ಕಷ್ಟ ಅಂತ ಯಾವ ವಿದ್ಯಾರ್ಥಿಯೂ ಹೇಳುವುದಿಲ್ಲ. ಆದರೆ ಉತ್ತರಪತ್ರಿಕೆ ಕೈಗೆ ಬಂದಾಗ ಎಲ್ಲರದ್ದೂ ಒಂದೇ ಥರ. ‘ಇಂದು ಜಗತ್ತು ಒಂದು ಹಳ್ಳಿಯಾಗಿದೆ. ಇದರಿಂದ ಅನುಕೂಲಗಳೂ ಇವೆ, ಅನಾನುಕೂಲಗಳೂ ಇವೆ.’ ಆಮೇಲೆ ನಾಲ್ಕು ಅನುಕೂಲ, ನಾಲ್ಕು ಅನಾನುಕೂಲ, ಕೊನೆಗೊಂದು ಉಪಸಂಹಾರ. ಬರೆದದ್ದರಲ್ಲಿ ತಪ್ಪು ಹುಡುಕಲು ಆಗುವುದಿಲ್ಲ. ಅಂಕ ಕೊಡೋಣವೆಂದರೆ ಹಿಡಿಯಲು ಏನೂ ಸಿಗುವುದಿಲ್ಲ.

ಅದಕ್ಕೇ ನನ್ನ ತರಗತಿಯಲ್ಲಿ ಒಂದು ಕಟ್ಟಳೆ ಇದೆ. ಒಂದು ಸಾಮಾನ್ಯ ಮಾತು ಬರೆದರೆ ಅದರ ಬೆನ್ನಿಗೇ ಯಾರು, ಎಲ್ಲಿ, ಯಾವಾಗ ಅನ್ನುವುದು ಬರಬೇಕು. ಯಾರಿಗೆ ಲಾಭ ಆಯಿತು, ಯಾರ ಕೈ ಸುಟ್ಟಿತು ಅನ್ನುವುದೂ ಬರಬೇಕು. ಬರದಿದ್ದರೆ ಆ ಸಾಲನ್ನು ನಾನು ಓದುವುದೇ ಇಲ್ಲ, ಕೆಂಪು ಗೀಟು ಎಳೆದು ಮುಂದೆ ಹೋಗುತ್ತೇನೆ. ಮೊದಮೊದಲು ಹುಡುಗರಿಗೆ ಸಿಟ್ಟು ಬರುತ್ತದೆ. ಬರಲಿ.

ಆದರೆ ಇಷ್ಟೊಂದು ಉದಾಹರಣೆ ಎಲ್ಲಿಂದ ತರುವುದು? ಅಧ್ಯಾಯಕ್ಕೆ ಹತ್ತರಂತೆ ಬಾಯಿಪಾಠ ಮಾಡಿಸಿದರೆ ಪರೀಕ್ಷೆಯ ಕೋಣೆಯಲ್ಲಿ ಎಲ್ಲ ಕಲಸಿಹೋಗುತ್ತದೆ. ನಾನು ಹಾಗೆ ಮಾಡುವುದಿಲ್ಲ. ಕೆಲವೇ ಘಟನೆಗಳನ್ನು ಆರಿಸಿಕೊಳ್ಳುತ್ತೇನೆ. ಪ್ರತಿಯೊಂದನ್ನೂ ಎಲ್ಲ ಅಧ್ಯಾಯಗಳಲ್ಲೂ ತಿರುಗಿಸಿ ತಿರುಗಿಸಿ ನೋಡುತ್ತೇವೆ. ಇವುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಎವರ್ ಗಿವನ್ ಹಡಗಿನ ಕಥೆ.

2021ರ ಮಾರ್ಚ್ 23ರಂದು ಸೂಯೆಜ್ ಕಾಲುವೆಯಲ್ಲಿ ಈ ಹಡಗು ಅಡ್ಡಡ್ಡ ಸಿಕ್ಕಿಹಾಕಿಕೊಂಡಿತು. 400 ಮೀಟರ್ ಉದ್ದದ ಹಡಗು. 29ರಂದು ಬಿಡಿಸಿದರು. ಅಷ್ಟರಲ್ಲಿ ಎರಡೂ ಕಡೆ ನೂರಾರು ಹಡಗುಗಳು ಸಾಲುಗಟ್ಟಿ ನಿಂತಿದ್ದವು. ಆಗ ಪ್ರಪಂಚದ ವ್ಯಾಪಾರದ ಸುಮಾರು ಶೇ 12ರಷ್ಟು ಈ ಕಾಲುವೆಯಲ್ಲೇ ಹಾದುಹೋಗುತ್ತಿತ್ತು. ಇದಿಷ್ಟು ಹೇಳಿ ನಾನು ತರಗತಿಗೆ ಒಂದೇ ಪ್ರಶ್ನೆ ಕೇಳುತ್ತೇನೆ: ಈ ಹಡಗು ಯಾವ ದೇಶದ್ದು?

ಅಲ್ಲಿಂದ ಗಲಾಟೆ ಶುರು. ಮಾಲೀಕರು ಜಪಾನಿನ ಕಂಪನಿ. ನಡೆಸುತ್ತಿದ್ದದ್ದು ತೈವಾನಿನ ಕಂಪನಿ. ಹಾರುತ್ತಿದ್ದದ್ದು ಪನಾಮಾ ಬಾವುಟ. ತಾಂತ್ರಿಕ ನಿರ್ವಹಣೆ ಜರ್ಮನಿಯ ಕಂಪನಿಯದು. ಹಡಗಿನ ಸಿಬ್ಬಂದಿಯೆಲ್ಲ ಭಾರತೀಯರು. ಹೊರಟಿದ್ದದ್ದು ನೆದರ್ಲೆಂಡ್ಸ್‌ನ ರೋಟರ್ಡಾಮ್‌ಗೆ, ಸಿಕ್ಕಿಕೊಂಡದ್ದು ಈಜಿಪ್ಟಿನಲ್ಲಿ. ಒಬ್ಬ ‘ಪನಾಮಾ, ಯಾಕೆಂದರೆ ಬಾವುಟ’ ಅನ್ನುತ್ತಾನೆ. ಇನ್ನೊಬ್ಬಳು ‘ದುಡ್ಡು ಯಾರದ್ದೋ ಹಡಗೂ ಅವರದ್ದೇ ಸರ್’ ಅನ್ನುತ್ತಾಳೆ. ನಾನು ತೀರ್ಪು ಕೊಡುವುದಿಲ್ಲ. ಸುಮ್ನೆ ಬೋರ್ಡಿನ ಮೇಲೆ ಒಂದೊಂದೇ ಬರೆಯುತ್ತಾ ಹೋಗುತ್ತೇನೆ.

ಆ ಬೋರ್ಡೇ ನಮ್ಮ ನೋಟ್ಸ್. ರಾಷ್ಟ್ರ ಮತ್ತು ಸಾರ್ವಭೌಮತ್ವದ ಅಧ್ಯಾಯ ಬೇಕಾ? ಹಡಗಿನ ಮಾಲೀಕ ತನ್ನ ದೇಶ ಬಿಟ್ಟು ಬೇರೆ ದೇಶದ ಬಾವುಟ ಯಾಕೆ ಹಾಕಿಕೊಳ್ಳುತ್ತಾನೆ ಎಂದು ಕೇಳಿದರೆ ಸಾಕು. ತೆರಿಗೆ, ಕಾರ್ಮಿಕ ಕಾನೂನು, ನೋಂದಣಿ ಶುಲ್ಕ ಎಲ್ಲ ತಾನಾಗಿಯೇ ಬರುತ್ತದೆ. ಹಾಗಂತ ರಾಷ್ಟ್ರಗಳ ಕೈಯಲ್ಲಿ ಈಗ ಏನೂ ಇಲ್ಲ ಅಂತ ಬರೆದುಬಿಡುತ್ತಾರಲ್ಲ, ಅವರಿಗೆ ಮುಂದಿನ ಭಾಗ ಹೇಳುತ್ತೇನೆ. ಹಡಗನ್ನು ಬಿಡಿಸಿದ ಮೇಲೂ ಈಜಿಪ್ಟ್ ಅದನ್ನು ಹೋಗಲು ಬಿಡಲಿಲ್ಲ. ಪರಿಹಾರಕ್ಕಾಗಿ ಜುಲೈವರೆಗೆ ಅಲ್ಲೇ ತಡೆದು ನಿಲ್ಲಿಸಿತು. ಇಷ್ಟು ಕಂಪನಿಗಳು, ಇಷ್ಟು ದೇಶಗಳು ಸೇರಿದ್ದ ಹಡಗು ಒಂದು ಸರ್ಕಾರದ ಮಾತಿಗೆ ಕಾದು ನಿಂತಿತ್ತು.

ಜಾಗತೀಕರಣದ ಬಗ್ಗೆ ರಾಜಕೀಯ ಚಿಂತಕ ಡೇವಿಡ್ ಹೆಲ್ಡ್ ಮತ್ತು ಜೊತೆಗಾರರು ಹೇಳುವ ಮೂರು ಬಣಗಳನ್ನು ಇಲ್ಲೇ ಕಲಿಸುತ್ತೇನೆ. ಗಡಿಗಳ ಕಾಲ ಮುಗಿಯಿತು ಅನ್ನುವವರು ಮೊದಲ ಬಣ. ಇದೆಲ್ಲ ಉತ್ಪ್ರೇಕ್ಷೆ, ಲಗಾಮು ಈಗಲೂ ರಾಷ್ಟ್ರಗಳ ಕೈಯಲ್ಲೇ ಇದೆ ಅನ್ನುವ ಸಂದೇಹವಾದಿಗಳು ಎರಡನೆಯ ಬಣ. ರಾಷ್ಟ್ರ ಸಾಯಲಿಲ್ಲ, ಅದರ ಕೆಲಸ ಬದಲಾಯಿತು ಅನ್ನುವವರು ಮೂರನೆಯ ಬಣ. ತರಗತಿಯನ್ನು ಮೂರು ಭಾಗ ಮಾಡಿ, ಒಂದೊಂದು ಗುಂಪೂ ತನ್ನ ಬಣದ ಪರವಾಗಿ ಇದೇ ಹಡಗನ್ನು ಸಾಕ್ಷಿಯಾಗಿ ತರಬೇಕು ಎನ್ನುತ್ತೇನೆ. ಮೂರೂ ಗುಂಪಿಗೆ ಸಾಕ್ಷಿ ಸಿಗುತ್ತದೆ. ಹೀಗೆ ವಾದ ಮಾಡಿದವರು ಪರೀಕ್ಷೆಯಲ್ಲಿ ಮೂರು ವ್ಯಾಖ್ಯೆ ಬರೆದು ನಿಲ್ಲಿಸುವುದಿಲ್ಲ.

ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ 1990ರಲ್ಲಿ ಹೇಳಿದ ಐದು ಹರಿವುಗಳನ್ನು ಪ್ರಶ್ನೆಪತ್ರಿಕೆ ತೆಗೆಯುವವರು ಬಿಡುವುದೇ ಇಲ್ಲ. ಜನ, ಮಾಧ್ಯಮ, ತಂತ್ರಜ್ಞಾನ, ಹಣ, ವಿಚಾರ. ಇವುಗಳ ಹೆಸರನ್ನು ಎಲ್ಲರೂ ಬರೆಯುತ್ತಾರೆ. ಇವು ಒಂದೇ ವೇಗದಲ್ಲಿ, ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲ ಅನ್ನುವುದೇ ಅಪ್ಪಾದುರೈ ಅವರ ಮುಖ್ಯ ಮಾತು. ಅದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಇದಕ್ಕೂ ಹಡಗಿಗೇ ವಾಪಸ್ ಬರುತ್ತೇನೆ. 2020ರಲ್ಲಿ ಕೋವಿಡ್ ಕಾಲಕ್ಕೆ ಸರಕು ಸಾಗುತ್ತಲೇ ಇತ್ತು. ಆದರೆ ದೇಶಗಳು ಗಡಿ ಮುಚ್ಚಿದ್ದರಿಂದ ಸುಮಾರು 4 ಲಕ್ಷ ನಾವಿಕರು ಒಪ್ಪಂದದ ಅವಧಿ ಮುಗಿದರೂ ಹಡಗಿನಿಂದ ಇಳಿಯಲಾಗದೆ ಉಳಿದರು. ಪೆಟ್ಟಿಗೆ ಗಡಿ ದಾಟಿತು, ಅದನ್ನು ತಂದ ಮನುಷ್ಯ ದಾಟಲಿಲ್ಲ. ಇದು ಒಂದು ಸಲ ತಲೆಗೆ ಹೋದರೆ ಅಪ್ಪಾದುರೈ ಮರೆಯುವುದಿಲ್ಲ.

ಇನ್ನು ಆ ಪೆಟ್ಟಿಗೆ, ಅಂದರೆ ಕಂಟೇನರ್. ಇದರ ಕಥೆ ಹೇಳದೆ ಆರ್ಥಿಕ ಜಾಗತೀಕರಣದ ಪಾಠ ನನಗೆ ಪೂರ್ತಿ ಅನ್ನಿಸುವುದಿಲ್ಲ. 1956ರ ಏಪ್ರಿಲ್‌ನಲ್ಲಿ ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಉದ್ಯಮಿ ಐಡಿಯಲ್ ಎಕ್ಸ್ ಎಂಬ ಹಡಗಿನಲ್ಲಿ 58 ಪೆಟ್ಟಿಗೆ ಇಟ್ಟು ಅಮೆರಿಕದ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ. ಬಿಡಿ ಸರಕನ್ನು ಹಡಗಿಗೆ ತುಂಬಲು ಆಗ ಟನ್ನಿಗೆ ಹತ್ತಿರಹತ್ತಿರ 6 ಡಾಲರ್ ಆಗುತ್ತಿತ್ತು. ಪೆಟ್ಟಿಗೆಯಲ್ಲಾದರೆ ಸುಮಾರು 16 ಸೆಂಟ್. ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಬಂದರುಗಳಲ್ಲಿ ಹೊರೆ ಹೊರುತ್ತಿದ್ದ ಸಾವಿರಾರು ಜನರ ಕೆಲಸ ಹೋಯಿತು. ಲಂಡನ್ನಿನ ಹಳೇ ಹಡಗುಕಟ್ಟೆಗಳು ಬಣಗುಟ್ಟಿದವು. ವಿಯೆಟ್ನಾಂ ಯುದ್ಧಕ್ಕೆ ಸಾಮಾನು ಸಾಗಿಸಲು ಅಮೆರಿಕದ ಸೈನ್ಯ ಇದೇ ಪೆಟ್ಟಿಗೆಗಳನ್ನು ಬಳಸಿತು. ಖಾಲಿ ಬರುವ ಹಡಗುಗಳು ದಾರಿಯಲ್ಲಿ ಜಪಾನಿನ ಸರಕು ತುಂಬಿಕೊಂಡು ಬಂದವು. ಯುದ್ಧಕ್ಕೂ ರಫ್ತಿಗೂ ಹೀಗೊಂದು ನಂಟು. ಜಾಗತೀಕರಣಕ್ಕೆ ಕಾರಣ ‘ತಂತ್ರಜ್ಞಾನ’ ಎಂದು ಒಂದೇ ಪದದಲ್ಲಿ ಬರೆಯುವವರಿಗೆ ಇಷ್ಟು ಹೇಳಿದರೆ ಒಂದು ಪುಟದ ಉತ್ತರ ಸಿಗುತ್ತದೆ.

ಅದೇ 1956ರಲ್ಲಿ ಸೂಯೆಜ್‌ನಲ್ಲೇ ಇನ್ನೊಂದು ಘಟನೆ ನಡೆಯಿತು. ಈಜಿಪ್ಟಿನ ಅಧ್ಯಕ್ಷ ನಾಸೆರ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಇಸ್ರೇಲ್, ಬ್ರಿಟನ್, ಫ್ರಾನ್ಸ್ ಈಜಿಪ್ಟಿನ ಮೇಲೆ ದಾಳಿ ಮಾಡಿದವು. ಭದ್ರತಾ ಮಂಡಳಿಯಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ವಿಟೊ ಹಾಕಿದವು. ವಿಷಯ ಸಾಮಾನ್ಯ ಸಭೆಗೆ ಹೋಯಿತು. ಅಲ್ಲಿಂದಲೇ ವಿಶ್ವಸಂಸ್ಥೆಯ ಮೊದಲ ಶಸ್ತ್ರಸಜ್ಜಿತ ಶಾಂತಿಪಾಲನಾ ಪಡೆ ಹುಟ್ಟಿತು. ಭದ್ರತಾ ಮಂಡಳಿಯಲ್ಲಿ 15 ಸದಸ್ಯರು, ಅದರಲ್ಲಿ 5 ಕಾಯಂ ಅಂತ ಬಾಯಿಪಾಠ ಮಾಡುವುದಕ್ಕಿಂತ ಈ ಒಂದು ಘಟನೆ ಜಾಸ್ತಿ ಕಲಿಸುತ್ತದೆ. ವಿಟೊ ಬಂದಾಗ ಕೆಲಸ ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ದಾರಿ ಹುಡುಕುತ್ತಾರೆ ಅನ್ನುವುದು ಗೊತ್ತಾಗುತ್ತದೆ.

ಸಂಸ್ಥೆಗಳ ಗೊಂದಲಕ್ಕೆ ಬೇರೆ ಮದ್ದು ಬೇಕು. ಒಂದು ಅಂಕದ ಪ್ರಶ್ನೆಗಳಲ್ಲಿ ಹುಡುಗರು ಬೀಳುವುದು ಇಲ್ಲೇ. ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಮತ್ತು ವಿಶ್ವಬ್ಯಾಂಕ್, ಹೇಗ್ ನಗರದ ಎರಡು ನ್ಯಾಯಾಲಯಗಳು, ಹವಾಮಾನ ಬದಲಾವಣೆಯ ಕ್ಯೋಟೊ ಮತ್ತು ಪ್ಯಾರಿಸ್ ಒಪ್ಪಂದಗಳು. ವ್ಯತ್ಯಾಸದ ಕೋಷ್ಟಕ ಕೊಟ್ಟರೆ ಎಡಗಡೆಯದು ಬಲಕ್ಕೆ, ಬಲಗಡೆಯದು ಎಡಕ್ಕೆ ಆಗುತ್ತದೆ. ನಾನು ಸಂದರ್ಭ ಕೊಡುತ್ತೇನೆ. ಒಂದು ದೇಶಕ್ಕೆ ಆಮದಿನ ಬಿಲ್ ಕಟ್ಟಲು ಡಾಲರ್ ಇಲ್ಲ. ಯಾರ ಬಾಗಿಲಿಗೆ ಹೋಗಬೇಕು? ಅದೇ ದೇಶಕ್ಕೆ ನೀರಾವರಿ ಯೋಜನೆಗೆ ದೀರ್ಘಾವಧಿ ಸಾಲ ಬೇಕು. ಈಗ? ಮೊದಲನೆಯದಕ್ಕೆ ಐಎಂಎಫ್, ಎರಡನೆಯದಕ್ಕೆ ವಿಶ್ವಬ್ಯಾಂಕ್. ಎರಡೂ 1944ರ ಬ್ರೆಟನ್ ವುಡ್ಸ್ ಸಮ್ಮೇಳನದ ಮಕ್ಕಳೇ, ಕೆಲಸ ಬೇರೆ. ವಿಶ್ವ ವಾಣಿಜ್ಯ ಸಂಸ್ಥೆಯನ್ನೂ ಇದೇ ಸಮ್ಮೇಳನಕ್ಕೆ ಸೇರಿಸಿಬಿಡುತ್ತಾರೆ. ಅದು ಶುರುವಾದದ್ದು 1995ರ ಜನವರಿ 1ರಂದು. ಅದಕ್ಕೂ ಮೊದಲು ಇದ್ದದ್ದು ಸುಂಕ ಮತ್ತು ವ್ಯಾಪಾರದ ಬಗೆಗಿನ 1947ರ ಗ್ಯಾಟ್ ಒಪ್ಪಂದ.

ಎರಡು ದೇಶಗಳ ನಡುವೆ ಗಡಿ ಜಗಳ ಬಂದರೆ ಅಂತರರಾಷ್ಟ್ರೀಯ ನ್ಯಾಯಾಲಯ. ಒಬ್ಬ ಸೇನಾಧಿಕಾರಿಯ ಮೇಲೆ ನರಮೇಧದ ಆರೋಪ ಬಂದರೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ. ಮೊದಲನೆಯದು ವಿಶ್ವಸಂಸ್ಥೆಯ ಅಂಗ. ಎರಡನೆಯದು ರೋಮ್ ಒಪ್ಪಂದದಿಂದ ಬಂದದ್ದು, 2002ರಲ್ಲಿ ಶುರುವಾಯಿತು. ಇನ್ನು ಕ್ಯೋಟೊ ಒಪ್ಪಂದ ಮುಂದುವರಿದ ದೇಶಗಳಿಗೆ ಮಾತ್ರ ಗುರಿ ಹೇರಿತ್ತು. ಪ್ಯಾರಿಸ್ ಒಪ್ಪಂದದಲ್ಲಿ ಸೇರಿದ ಎಲ್ಲ ದೇಶಗಳೂ ತಮ್ಮ ಗುರಿಯನ್ನು ತಾವೇ ಬರೆದುಕೊಡಬೇಕು. ಹೀಗೆ ಸಂದರ್ಭದ ಚೀಟಿಗಳನ್ನು ಮಾಡಿ ಡಬ್ಬಕ್ಕೆ ಹಾಕುತ್ತೇನೆ. ತರಗತಿ ಮುಗಿಯುವ ಮೊದಲು ಯಾರಾದರೂ ಒಂದು ಎತ್ತಿ ಉತ್ತರ ಹೇಳಬೇಕು, ಕಾರಣದ ಸಮೇತ. ಸುಸ್ಥಿರ ಅಭಿವೃದ್ಧಿ ಗುರಿಗಳು 17, ಅವಧಿ 2030ರವರೆಗೆ ಅನ್ನುವಂಥದ್ದನ್ನು ಮಾತ್ರ ನೇರ ಬಾಯಿಪಾಠ. ಅದಕ್ಕೆ ಬೇರೆ ದಾರಿ ಇಲ್ಲ.

ದೊಡ್ಡ ಪ್ರಶ್ನೆಗಳಿಗೆ, ಅಂದರೆ ‘ಚರ್ಚಿಸಿ’, ‘ವಿಮರ್ಶಿಸಿ’ ಅನ್ನುವವಕ್ಕೆ, ಒಂದೇ ಸಂಕಟವನ್ನು ಎರಡು ದೇಶ ಎರಡು ರೀತಿ ಎದುರಿಸಿದ ಉದಾಹರಣೆ ಹುಡುಕುತ್ತೇನೆ. 1997ರ ಏಷ್ಯಾದ ಹಣಕಾಸು ಬಿಕ್ಕಟ್ಟು ಇದಕ್ಕೆ ಹೇಳಿ ಮಾಡಿಸಿದ್ದು. ಜುಲೈ 2ರಂದು ಥಾಯ್ಲೆಂಡ್ ತನ್ನ ಕರೆನ್ಸಿಗೆ ಡಾಲರ್ ಜೊತೆ ಇದ್ದ ಕಟ್ಟು ಬಿಚ್ಚಿತು. ಬೆಂಕಿ ಇಂಡೋನೇಷ್ಯಾ, ಮಲೇಷ್ಯಾ, ದಕ್ಷಿಣ ಕೊರಿಯಾಗಳಿಗೂ ಹಬ್ಬಿತು. ಥಾಯ್ಲೆಂಡ್, ಇಂಡೋನೇಷ್ಯಾ, ಕೊರಿಯಾ ಐಎಂಎಫ್ ಸಾಲ ತೆಗೆದುಕೊಂಡವು, ಜೊತೆಗೆ ಅದರ ಷರತ್ತುಗಳನ್ನೂ. ಮಲೇಷ್ಯಾ ಆ ದಾರಿ ಹಿಡಿಯಲಿಲ್ಲ. 1998ರ ಸೆಪ್ಟೆಂಬರ್‌ನಲ್ಲಿ ಬಂಡವಾಳ ಹೊರಹೋಗದಂತೆ ತಡೆ ಹಾಕಿ, ರಿಂಗಿಟ್‌ನ ಬೆಲೆಯನ್ನು ಡಾಲರ್‌ಗೆ 3.80ಕ್ಕೆ ಕಟ್ಟಿಹಾಕಿತು. ಮಲೇಷ್ಯಾ ಚೇತರಿಸಿಕೊಂಡಿತು, ಕೊರಿಯಾ ಕೂಡ ಚೇತರಿಸಿಕೊಂಡಿತು. ಹಾಗಾದರೆ ಯಾವ ದಾರಿ ಸರಿ? ಇಲ್ಲಿ ವಿದ್ಯಾರ್ಥಿಗಳು ತಬ್ಬಿಬ್ಬಾಗುತ್ತಾರೆ. ನನಗೆ ಬೇಕಾದದ್ದೂ ಅದೇ. ಅನುಕೂಲ, ಅನಾನುಕೂಲ ಪಟ್ಟಿ ಬರೆಯುವ ಕೈ ಅಲ್ಲಿ ನಿಲ್ಲುತ್ತದೆ.

ಜಾಗತೀಕರಣ ಯಾವಾಗ ಶುರುವಾಯಿತು ಅನ್ನುವ ಪ್ರಶ್ನೆಗೂ ಇದೇ ಉಪಾಯ. ಸ್ಪೇನ್ ಮನಿಲಾ ನಗರವನ್ನು ಸ್ಥಾಪಿಸಿದ 1571 ಎಂದು ವಾದಿಸುವ ಇತಿಹಾಸಕಾರರಿದ್ದಾರೆ. ಅಮೆರಿಕ ಖಂಡದ ಬೆಳ್ಳಿ ಪೆಸಿಫಿಕ್ ದಾಟಿ ಚೀನಾದ ರೇಷ್ಮೆಗೆ ಬೆಲೆ ಕೊಟ್ಟದ್ದು ಆ ದಾರಿಯಲ್ಲಿ. ಹತ್ತೊಂಬತ್ತನೇ ಶತಮಾನ ಅನ್ನುವವರೂ ಇದ್ದಾರೆ, ಯಾಕೆಂದರೆ ಬೇರೆ ಬೇರೆ ಖಂಡಗಳ ಬೆಲೆಗಳು ಹತ್ತಿರ ಬಂದದ್ದು ಆಗ. ವಿದ್ಯಾರ್ಥಿ ಯಾವ ವರ್ಷ ಬೇಕಾದರೂ ಆರಿಸಲಿ. ಆದರೆ ಆ ವರ್ಷ ಯಾಕೆ ಅನ್ನುವುದಕ್ಕೆ ಒಂದು ಅಳತೆಗೋಲು ಹೇಳಬೇಕು. ಜೊತೆಗೆ 1914ರಿಂದ ಮುಂದೆ ಏನಾಯಿತು ಎಂದು ಎರಡು ಸಾಲು ಬರೆಸುತ್ತೇನೆ. ಯುದ್ಧ, ಆಮೇಲೆ 1930ರ ಅಮೆರಿಕದ ಸುಂಕದ ಕಾನೂನು, ಕುಸಿದ ವ್ಯಾಪಾರ. ಜಾಗತೀಕರಣ ಹಿಂದಕ್ಕೂ ಹೋಗಬಲ್ಲದು ಎಂದು ತೋರಿಸಿದ ಉತ್ತರ ರಾಶಿಯಲ್ಲಿ ಎದ್ದು ಕಾಣುತ್ತದೆ.

ಜನಸಂಖ್ಯೆ, ಮಾಧ್ಯಮ, ಜಾಗತಿಕ ನಗರ ಇವುಗಳ ಮೇಲೆ ನಾನು ಹೆಚ್ಚು ಹೊತ್ತು ಕಳೆಯುವುದಿಲ್ಲ. ಸಮಾಜಶಾಸ್ತ್ರಜ್ಞೆ ಸಾಸ್ಕಿಯಾ ಸಾಸೆನ್ ಹೇಳುವ ನ್ಯೂಯಾರ್ಕ್, ಲಂಡನ್, ಟೋಕಿಯೊ ಮೂರನ್ನು ಹಿಡಿದು, ಅಲ್ಲಿ ಬ್ಯಾಂಕಿನ ಅಧಿಕಾರಿಯೂ ಕಚೇರಿ ಗುಡಿಸುವ ವಲಸಿಗರೂ ಒಂದೇ ಕಟ್ಟಡದಲ್ಲಿ ಯಾಕಿದ್ದಾರೆ ಎಂದು ಕೇಳಿದರೆ ಆ ಅಧ್ಯಾಯದ ತಿರುಳು ಬಂತು. ಉಳಿದದ್ದನ್ನು ಅವರೇ ಓದಿಕೊಳ್ಳುತ್ತಾರೆ.

ಬರವಣಿಗೆಯ ಅಭ್ಯಾಸ ಮಾತ್ರ ಬಿಡುವುದಿಲ್ಲ. ಹಳೇ ಪ್ರಶ್ನೆಪತ್ರಿಕೆ ಕೊಡುತ್ತೇನೆ, ಆದರೆ ಪೂರ್ತಿ ಉತ್ತರ ಕೇಳುವುದಿಲ್ಲ. ಪ್ರತಿ ಪ್ರಶ್ನೆಗೂ ನಿಮ್ಮ ನಿಲುವು ಒಂದು ಸಾಲು, ಅದಕ್ಕೆ ಸಾಕ್ಷಿಯಾಗುವ ಘಟನೆ ಎರಡು, ನಿಮ್ಮ ಮಾತನ್ನು ಒಪ್ಪದವರು ಏನು ಹೇಳಬಹುದು ಅನ್ನುವುದು ಒಂದು ಸಾಲು. ಇಷ್ಟೇ. ಹೀಗೆ ಮಾಡಿದರೆ ಒಂದು ಪೀರಿಯಡ್‌ನಲ್ಲಿ ಇಡೀ ಪತ್ರಿಕೆ ಮುಗಿಯುತ್ತದೆ. ಪಕ್ಕದವರು ಅದನ್ನು ತಿದ್ದುತ್ತಾರೆ. ಗೆಳೆಯನ ಉತ್ತರದಲ್ಲಿ ‘ಇಂದಿನ ಯುಗದಲ್ಲಿ’ ಅಂತ ಕಂಡರೆ ನನಗಿಂತ ಅವರೇ ಜೋರಾಗಿ ಗೀಟು ಎಳೆಯುತ್ತಾರೆ.

ಹೊಸ ಸುದ್ದಿಗಳನ್ನು ಎಷ್ಟು ಸೇರಿಸಬೇಕು ಅನ್ನುವುದರ ಬಗ್ಗೆ ಸಹೋದ್ಯೋಗಿಗಳ ಜೊತೆ ನನ್ನ ವಾದ ಮುಗಿದಿಲ್ಲ. ಪರೀಕ್ಷೆಯ ಹಿಂದಿನ ದಿನದ ಪೇಪರ್‌ವರೆಗೆ ಓದಿಸಬೇಕು ಅನ್ನುತ್ತಾರೆ ಕೆಲವರು. ಕೊನೆಯ ತಿಂಗಳಲ್ಲಿ ನಾನು ಹೊಸದನ್ನು ನಿಲ್ಲಿಸುತ್ತೇನೆ. ಯಾವುದೋ ದೇಶ ಸುಂಕ ಏರಿಸಿತು ಅನ್ನುವ ಸುದ್ದಿ ನಾಳೆ ಬದಲಾಗಬಹುದು, ಪರಿಣಾಮ ಏನೆಂದು ಇನ್ನೂ ಯಾರಿಗೂ ಗೊತ್ತಿರುವುದಿಲ್ಲ. ಬೆಳಿಗ್ಗೆ ಓದಿದ ಸುದ್ದಿಯನ್ನು ಯಾರಾದರೂ ಉತ್ತರಕ್ಕೆ ತಂದರೆ ಬೇಡ ಅನ್ನುವುದಿಲ್ಲ. ಅದನ್ನು ಮೂರನೇ ಸಾಕ್ಷಿಯಾಗಿ ಹಾಕಿ, ಮೊದಲ ಎರಡು ಹಳೆಯವೇ ಇರಲಿ ಎನ್ನುತ್ತೇನೆ.