ನೀರು ಬಿಡುವುದಲ್ಲ, ಎಳೆದುಕೊಳ್ಳುವುದು ವ್ಯಾಂಡಿನ ಕೆಲಸ

ಬೆಳಗಾವಿಯ ಮಳೆಗಾಲದಲ್ಲಿ ಕಾರ್ಪೆಟ್ ತೊಳೆಯುವವರಿಗೆ ಬರುವ ದೂರು ಒಂದೇ: ‘ನೀವು ಹೋಗಿ ಎರಡ ದಿನ ಆತ್ರಿ, ಇನ್ನೂ ಹಸೀನ ಐತಿ, ವಾಸನಿ ಬರಾಕತ್ತೈತಿ.’ ಆಗ ಬಹಳ ಮಂದಿ ಮಷೀನಿನ ಮೋಟರ್ ಬಿಚ್ಚಿ ಕೂಡುತ್ತಾರೆ. ನಾನು ಮೊದಲು ನೋಡುವುದು ವ್ಯಾಂಡನ್ನು, ಅಂದರೆ ನೀರು ಸಿಂಪಡಿಸಿ ಮತ್ತೆ ಎಳೆದುಕೊಳ್ಳುವ, ಕೈಯಲ್ಲಿ ಹಿಡಿಯುವ ಉದ್ದನೆಯ ಪೈಪನ್ನು. ಮೋಟರ್ ಎಷ್ಟೇ ಗಟ್ಟಿಯಿರಲಿ, ಕಾರ್ಪೆಟ್ಟಿಗೆ ತಾಗುವ ಅದರ ತುದಿಯ, ಅಂದರೆ ಹೆಡ್ಡಿನ ಹತ್ತಿರ ಗಾಳಿ ಸೋರಿದರೆ ನೀರು ಕಾರ್ಪೆಟ್ಟಿನ ಬುಡದಲ್ಲೇ ಉಳಿಯುತ್ತದೆ.

ಸೋರಿಕೆ ಹುಡುಕಲು ಒಂದು ಊದಿನಕಡ್ಡಿ ಸಾಕು. ಹೆಡ್ಡನ್ನು ಒದ್ದೆ ಕಾರ್ಪೆಟ್ ಮೇಲೆ ಒತ್ತಿ ಹಿಡಿದು ವ್ಯಾಕ್ಯೂಮ್ ಚಾಲೂ ಮಾಡಿ. ಹೆಡ್ಡೂ ಪೈಪೂ ಕೂಡುವ ವೆಲ್ಡಿಂಗ್ ಸುತ್ತ, ಹೋಸ್ ಸಿಕ್ಕಿಸುವ ಕಡೆ, ನಾಲ್ಕು ಬೆರಳು ದೂರದಿಂದ ಕಡ್ಡಿ ಆಡಿಸಿ. ಮೇಲೇರುತ್ತಿದ್ದ ಹೊಗೆ ತಟ್ಟನೆ ಬಾಗಿ ಒಳಗೆ ನುಗ್ಗಿದರೆ ಬಿರುಕು ಅಲ್ಲೇ ಇದೆ. ಥಿನ್ನರ್, ಪೆಟ್ರೋಲ್ ಬಳಸಿದ ಜಾಗದಲ್ಲಿ ಮಾತ್ರ ಈ ಪರೀಕ್ಷೆ ಬೇಡವೇ ಬೇಡ. ಸ್ಟೀಲ್ ವ್ಯಾಂಡಾದರೆ ಬಿರುಕಿಗೆ ಆರ್ಗನ್ ವೆಲ್ಡಿಂಗ್ ಮಾಡಿಸಿ. ಮೇಲೆ ಅಂಟು ಮೆತ್ತಿದರೆ ಬಿಸಿನೀರಿಗೆ ಬೇಗ ಬಿಟ್ಟುಕೊಳ್ಳುತ್ತದೆ.

ಇನ್ನು ಗ್ಲೈಡ್, ಅಂದರೆ ಹೆಡ್ಡಿನ ತುಟಿಗೆ ಹಾಕುವ ಜಾರುಪಟ್ಟಿ. ಬರೀ ಸ್ಟೀಲ್ ತುಟಿಯ ಹೆಡ್ಡನ್ನು ದಿನವಿಡೀ ಎಳೆದವರ ಭುಜಕ್ಕೆ ಅದರ ಭಾರ ಗೊತ್ತು. ಟೆಫ್ಲಾನ್ ಗ್ಲೈಡ್ ಹಾಕಿದರೆ ಹೆಡ್ ಸಲೀಸಾಗಿ ಜಾರುತ್ತದೆ, ಕಾರ್ಪೆಟ್ಟಿಗೆ ಒತ್ತಿಯೂ ಕೂಡುತ್ತದೆ. ನಿಮ್ಮ ಹೆಡ್ಡಿಗೆ ರೆಡಿಮೇಡ್ ಸಿಗದಿದ್ದರೆ ಉದ್ಯಮಬಾಗದಲ್ಲಿ ಮಿಲ್ಲಿಂಗ್ ಮಾಡುವ ಯಾವುದಾದರೂ ವರ್ಕ್‌ಶಾಪಿಗೆ ಹೋಗಿ. ಅವರು ಕೇಳುವ ಮೊದಲ ಪ್ರಶ್ನೆ, ‘ಸೀಳು ಎಷ್ಟ್ ಎಂಎಂ ಇಡೂಣ್ರಿ ಸರ?’ ಸೀಳು ಎಂದರೆ ಗ್ಲೈಡಿನಲ್ಲಿ ಗಾಳಿ, ನೀರು ಒಳಹೋಗುವ ಸಂದು. ಇದಕ್ಕೆ ಲೆಕ್ಕ ಹಾಕಿಕೊಂಡೇ ಹೋಗಬೇಕು. ನನ್ನ ಪೈಪಿನ ಒಳವ್ಯಾಸ 35 ಎಂಎಂ, ಅಂದರೆ ಅದರ ಬಾಯಿಯ ವಿಸ್ತೀರ್ಣ ಸುಮಾರು 960 ಚದರ ಎಂಎಂ. ಹೆಡ್ಡಿನ ಬಾಯಿ 300 ಎಂಎಂ ಉದ್ದ. 3 ಎಂಎಂ ಸೀಳಿದರೆ 900 ಆಗುತ್ತದೆ, ಪೈಪಿಗಿಂತ ತುಸು ಕಡಿಮೆ; ಗಾಳಿಯ ವೇಗ ಬಾಯಲ್ಲೇ ಸಿಗುತ್ತದೆ. ಅದೇ 5 ಎಂಎಂ ಮಾಡಿದರೆ 1500. ಗಾಳಿ ಹರಡಿ ವೇಗ ಕಳೆದುಕೊಳ್ಳುತ್ತದೆ, ನೀರು ಏಳುವುದಿಲ್ಲ. ಸೀಳು ದೊಡ್ಡದಿದ್ದಷ್ಟೂ ಒಳ್ಳೆಯದು ಎಂದು ಹೇಳುವವರ ಮಾತು ಕೇಳಬೇಡಿ. ಅಂಚುಗಳನ್ನು ದುಂಡಗೆ ಮಾಡಿಸಿ, ಸ್ಕ್ರೂ ತಲೆ ಒಳಗೆ ಹುದುಗುವಂತೆ ಕೂರಿಸಿ. ಇಲ್ಲವಾದರೆ ಕಾರ್ಪೆಟ್ಟಿನ ನೂಲು ಕಿತ್ತು ಬರುತ್ತದೆ. ಗ್ಲೈಡ್ ಒಂದೇ ಕಡೆ ಸವೆಯುತ್ತಿದ್ದರೆ ನೀವು ವ್ಯಾಂಡನ್ನು ವಾರೆ ಹಿಡಿಯುತ್ತಿದ್ದೀರಿ ಎಂದೇ ಅರ್ಥ. ಹಿಡಿಯನ್ನು ನಿಮ್ಮ ಎತ್ತರಕ್ಕೆ ತಕ್ಕಂತೆ ಸರಿಸಿಕೊಳ್ಳಿ, ಸೊಂಟವೂ ಉಳಿಯುತ್ತದೆ.

ನೀರು ಸಿಂಪಡಿಸುವ ಜೆಟ್ ಮೇಲೆ 11002 ಎಂದು ಕೆತ್ತಿದ್ದರೆ 110 ಎಂಬುದು ನೀರು ಹರಡುವ ಕೋನ, 02 ಎಂದರೆ 40 ಪಿಎಸ್‌ಐ ಒತ್ತಡದಲ್ಲಿ ನಿಮಿಷಕ್ಕೆ 0.2 ಅಮೆರಿಕನ್ ಗ್ಯಾಲನ್, ಹತ್ತಿರಹತ್ತಿರ ಮುಕ್ಕಾಲು ಲೀಟರ್. ಒತ್ತಡ ನಾಲ್ಕು ಪಟ್ಟಾದರೆ ನೀರು ಎರಡು ಪಟ್ಟು. ಒಣ ಸಿಮೆಂಟ್ ನೆಲದ ಮೇಲೆ ಒಂದು ಕ್ಷಣ ಟ್ರಿಗರ್ ಒತ್ತಿ ನೋಡಿ: ಹೆಡ್ಡಿನ ಅಗಲಕ್ಕೂ ಸಮನಾದ ಒದ್ದೆ ಗೆರೆ ಮೂಡಬೇಕು. ನಡುವೆ ಒಣ ಪಟ್ಟಿ ಉಳಿದರೆ ಆ ಕಡೆಯ ಜೆಟ್ ಕಟ್ಟಿದೆ. ಸೂಜಿ ಹಾಕಿ ಚುಚ್ಚಬೇಡಿ, ತೂತು ಹಿಗ್ಗಿ ಧಾರೆಯೇ ಕೆಡುತ್ತದೆ. ಬೋರ್‌ವೆಲ್ ನೀರಿನ ಬಿಳಿ ಗಸಿಗೆ ಒಂದು ಲೀಟರ್ ಬಿಸಿನೀರಲ್ಲಿ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಅರ್ಧ ಗಂಟೆ ನೆನೆಸಿ, ಹಳೆ ಟೂತ್‌ಬ್ರಷ್‌ನಿಂದ ತಿಕ್ಕಿದರೆ ಆಯಿತು. ಬ್ಲೀಚ್ ಜೊತೆ ಅದನ್ನು ಯಾವತ್ತೂ ಬೆರೆಸಬೇಡಿ.

ಟ್ರಿಗರ್ ಬಿಟ್ಟ ಮೇಲೂ ನೀರು ತೊಟ್ಟಿಕ್ಕಿದರೆ ಬಹುತೇಕ ವಾಲ್ವಿನ ಓ-ರಿಂಗ್ (ರಬ್ಬರ್ ಬಳೆ) ಹೋಗಿರುತ್ತದೆ. ಬಿಚ್ಚುವ ಮೊದಲು ಪಂಪ್ ಆಫ್ ಮಾಡಿ, ಟ್ರಿಗರ್ ಒತ್ತಿ ಒತ್ತಡ ಇಳಿಸಿ. ಹೊಸ ರಿಂಗಿಗೆ ಸಿಲಿಕಾನ್ ಗ್ರೀಸ್ ಸವರಿ. ಇಪಿಡಿಎಂ ರಬ್ಬರ್ ಆಗಿದ್ದರೆ ವ್ಯಾಸಲೀನ್ ತಾಗಿ ಉಬ್ಬಿಕೊಳ್ಳುತ್ತದೆ.

ಕಲ್ಯಾಣ ಮಂಟಪದ ಕೆಲಸವಿದ್ದರೆ ಮೊದಲು ಒಣ ವ್ಯಾಕ್ಯೂಮ್ ಹೊಡೆಯಲೇಬೇಕು. ಅಕ್ಷತೆ ಕಾಳು ನೆಂದು ಉಬ್ಬಿ ಆ 3 ಎಂಎಂ ಸೀಳಿನಲ್ಲಿ ಬೆಣೆಯಂತೆ ಕೂತುಬಿಡುತ್ತದೆ. ಹೂವಿನ ಎಸಳು ಒಳಗಿನ ಬಾಗಿನಲ್ಲಿ ಅಂಟುತ್ತದೆ. ಕೆಲಸ ಮುಗಿದ ಮೇಲೆ ಅರ್ಧ ಬಕೆಟ್ ಶುದ್ಧ ನೀರನ್ನು ವ್ಯಾಂಡಿನಿಂದಲೇ ಎಳೆಸಿ, ಗ್ಲೈಡ್ ಬಿಚ್ಚಿ ತೊಳೆದು, ಹೆಡ್ ನೆಲಕ್ಕೆ ತಾಗದಂತೆ ಗೋಡೆಗೆ ತೂಗುಹಾಕಿ.