ದಂಡದ ನೋಟಿಸು ಬಂದಾಗ: ಕೇಸು ಠಾಣೆಯಲ್ಲಿದೆಯೋ, ಕೋರ್ಟಿಗೆ ಹೋಗಿದೆಯೋ?

ವಾಹನದ ಮೇಲೆ ಸಂಚಾರ ನಿಯಮ ಉಲ್ಲಂಘನೆಯ ಕೇಸು ದಾಖಲಾಗಿದೆ ಎಂಬ ಸಂದೇಶ ಮೊಬೈಲಿಗೆ ಬಂದಾಗ ಮೈಸೂರಿನವರಲ್ಲಿ ಕೆಲವರು ಅದನ್ನು ಪೂರ್ತಿ ಓದದೆಯೇ ಹಣ ಕಟ್ಟಿಬಿಡುತ್ತಾರೆ; ಇನ್ನು ಹಲವರು, 2023ರಲ್ಲಿಯೂ 2025ರಲ್ಲಿಯೂ ಸರ್ಕಾರ ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಕೊಟ್ಟದ್ದನ್ನು ನೆನೆದು, ಮತ್ತೊಮ್ಮೆ ಅಂಥ ಅವಕಾಶ ಬರಲಿ ಎಂದು ಕಾಯುತ್ತಾರೆ. ಇವೆರಡಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಆ ಕೇಸು ಈಗ ಪೊಲೀಸರ ಬಳಿ ಇದೆಯೇ, ಅಥವಾ ನ್ಯಾಯಾಲಯದ ದಾಖಲೆಗೆ ಸೇರಿದೆಯೇ? ಹಣ ಎಲ್ಲಿ ಕಟ್ಟಬೇಕು, ಎಷ್ಟು ಕಟ್ಟಬೇಕು, ತಕರಾರನ್ನು ಯಾರ ಮುಂದೆ ಹೇಳಬೇಕು ಎಂಬ ಮೂರೂ ಸಂಗತಿಗಳು ಈ ಒಂದು ಉತ್ತರದ ಮೇಲೆಯೇ ನಿಂತಿವೆ.

ಆದರೆ ಅದಕ್ಕೂ ಮುಂಚೆ ಸಂದೇಶ ನಿಜವಾದದ್ದೇ ಎಂದು ನೋಡಿಕೊಳ್ಳಬೇಕು. ಆರ್‌ಟಿಒ ಚಲನ್ ಎಂಬ ಹೆಸರಿನ ಎಪಿಕೆ ಫೈಲನ್ನು (ಫೋನಿಗೆ ಆ್ಯಪ್ ಸೇರಿಸುವ ಫೈಲು) ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ, ಅದನ್ನು ಒತ್ತಿದವರ ಬ್ಯಾಂಕ್ ಖಾತೆಯನ್ನೇ ಬರಿದು ಮಾಡುವ ವಂಚಕರಿದ್ದಾರೆ. ಚಲನ್ ನೋಡಲು ಯಾವ ಫೈಲನ್ನೂ ಫೋನಿಗೆ ಇಳಿಸಿಕೊಳ್ಳಬೇಕಾದ ಅಗತ್ಯವಿಲ್ಲ. ಬಂದ ಕೊಂಡಿಯನ್ನು ಒತ್ತದೆ, ಕೇಂದ್ರ ಸಾರಿಗೆ ಸಚಿವಾಲಯದ ಇ-ಚಲನ್ ಪರಿವಾಹನ್ ಜಾಲತಾಣವನ್ನೋ ಕರ್ನಾಟಕ ಒನ್ ಜಾಲತಾಣವನ್ನೋ ನೀವೇ ತೆರೆದು ನೋಡುವುದು ಕ್ಷೇಮ. ಈ ಎರಡೂ ಸರ್ಕಾರಿ ಜಾಲತಾಣಗಳ ವಿಳಾಸ ‘ಗವ್ ಡಾಟ್ ಇನ್’ ಎಂದೇ ಮುಗಿಯುತ್ತದೆ.

ಪರಿವಾಹನ್ ತಾಣದಲ್ಲಿ ಚಲನ್ ಸಂಖ್ಯೆ, ವಾಹನದ ಸಂಖ್ಯೆ ಅಥವಾ ಚಾಲನಾ ಪರವಾನಗಿಯ ಸಂಖ್ಯೆಯಿಂದ ಹುಡುಕಬಹುದು. ವಾಹನದ ಸಂಖ್ಯೆಯಿಂದ ಹುಡುಕುವುದಾದರೆ ಎಂಜಿನ್ ಅಥವಾ ಚಾಸಿ ಸಂಖ್ಯೆಯ ಕೊನೆಯ ಐದು ಅಂಕಿಗಳನ್ನೂ ಕೇಳುತ್ತದೆ, ಆದ್ದರಿಂದ ವಾಹನದ ನೋಂದಣಿ ಪತ್ರವಾದ ಆರ್‌ಸಿಯನ್ನು ಎದುರಿಗಿಟ್ಟುಕೊಂಡೇ ಕುಳಿತುಕೊಳ್ಳಿ. ಒಂದು ತಾಣದಲ್ಲಿ ಬಾಕಿ ಇಲ್ಲ ಎಂದು ಬಂದರೂ ಅಲ್ಲಿಗೇ ನಿಲ್ಲಿಸದೆ ಇನ್ನೊಂದರಲ್ಲಿಯೂ ನೋಡಬೇಕು. ಆನ್‌ಲೈನ್ ಒಗ್ಗದವರು ಮೈಸೂರು ಒನ್ ಕೇಂದ್ರಕ್ಕೆ ಹೋಗಬಹುದು, ಇಲ್ಲವೇ ದೇವರಾಜ, ಕೃಷ್ಣರಾಜ, ನರಸಿಂಹರಾಜ, ಸಿದ್ಧಾರ್ಥನಗರ ಮತ್ತು ವಿ.ವಿ. ಪುರಂ ಸಂಚಾರ ಠಾಣೆಗಳಲ್ಲಿ ಹತ್ತಿರದ್ದಕ್ಕೆ ಹೋಗಿ ವಾಹನದ ಸಂಖ್ಯೆ ಹೇಳಿ ವಿಚಾರಿಸಬಹುದು.

ಚಲನ್ ತೆರೆದುಕೊಂಡ ಮೇಲೆ ಮೊತ್ತಕ್ಕಿಂತ ಮೊದಲು ನೋಡಬೇಕಾದದ್ದು ದಿನಾಂಕ, ಸಮಯ, ಸ್ಥಳ, ಕಲಂ ಮತ್ತು ಫೋಟೊ. ಇವುಗಳಲ್ಲಿ ಸ್ಥಳ ಬಹಳ ಮುಖ್ಯ. ಕೇಸು ನಡೆಯುವುದು ಮಾಲೀಕರ ಮನೆ ಇರುವ ಊರಿನಲ್ಲಲ್ಲ, ತಪ್ಪು ನಡೆಯಿತೆನ್ನಲಾದ ಜಾಗದ ವ್ಯಾಪ್ತಿಯ ನ್ಯಾಯಾಲಯದಲ್ಲಿ. ಮೈಸೂರಿನ ಕಾರು ಬೆಂಗಳೂರು ಹೆದ್ದಾರಿಯಲ್ಲಿ ಹೋಗುವಾಗ ಕ್ಯಾಮೆರಾಕ್ಕೆ ಸಿಕ್ಕಿತೆಂದರೆ, ಸಿಕ್ಕ ಜಾಗವನ್ನು ಅನುಸರಿಸಿ ಅದು ಶ್ರೀರಂಗಪಟ್ಟಣದ್ದೋ ಮಂಡ್ಯದ್ದೋ ಮದ್ದೂರಿನದ್ದೋ ಆಗಬಹುದು, ಇನ್ನೂ ಮುಂದೆ ಸಿಕ್ಕಿದ್ದರೆ ಜಿಲ್ಲೆಯೇ ಬದಲಾಗುತ್ತದೆ. ಮೈಸೂರು ನಗರದ ಪೊಲೀಸ್ ಆಯುಕ್ತರ ಕಚೇರಿಗೂ ಮಂಡ್ಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೂ ಕಡತ ಒಂದೇ ಅಲ್ಲ. ಒಂದು ಕಡೆಯ ಕೇಸಿಗೆ ಇನ್ನೊಂದು ಕಡೆ ಅರ್ಜಿ ಕೊಟ್ಟು ಬಂದವರ ದಿನ ವ್ಯರ್ಥವಾಗುತ್ತದೆ, ಅಷ್ಟೆ.

ಕೇಸು ಇನ್ನೂ ಠಾಣೆಯಲ್ಲೇ ಇದ್ದರೆ

ಮೋಟಾರು ವಾಹನ ಕಾಯ್ದೆ, 1988ರ 200ನೇ ಕಲಂ ಪ್ರಕಾರ ಹಲವು ಸಣ್ಣ ತಪ್ಪುಗಳನ್ನು ರಾಜ್ಯ ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿಗಳ ಹಂತದಲ್ಲಿಯೇ ನಿಗದಿತ ಮೊತ್ತ ಕಟ್ಟಿಸಿಕೊಂಡು ಮುಗಿಸಬಹುದು. ಇದನ್ನು ರಾಜಿ ದಂಡ ಎನ್ನಬಹುದು. 2019ರ ಸೆಪ್ಟೆಂಬರ್ 1ರಿಂದ ಕೇಂದ್ರದ ತಿದ್ದುಪಡಿ ಜಾರಿಗೆ ಬಂದು ದಂಡಗಳು ಏರಿದಾಗ ಕರ್ನಾಟಕ ಅದೇ ತಿಂಗಳು ಹಲವು ಮೊತ್ತಗಳನ್ನು ಇಳಿಸಿತೆಂಬುದು ಎಲ್ಲರಿಗೂ ಗೊತ್ತು. ಆದರೆ ಇಳಿದದ್ದು ಈ ರಾಜಿ ದಂಡ ಮಾತ್ರ, ಕಾಯ್ದೆಯಲ್ಲಿರುವ ಶಿಕ್ಷೆಯಲ್ಲ ಎಂಬುದು ಅಷ್ಟಾಗಿ ತಿಳಿದಿಲ್ಲ. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದವರು ನಮ್ಮಲ್ಲಿ ಕಟ್ಟುವುದು 500 ರೂಪಾಯಿ. ಕಾಯ್ದೆಯ 194ಡಿ ಕಲಂ ಹೇಳುವುದು 1,000 ರೂಪಾಯಿ ದಂಡ ಮತ್ತು ಮೂರು ತಿಂಗಳ ಪರವಾನಗಿ ಅನರ್ಹತೆ. ಆದ್ದರಿಂದ ತಪ್ಪು ನಿಜವಾಗಿಯೂ ನಿಮ್ಮದೇ ಆಗಿದ್ದರೆ, ಕೋರ್ಟಿನಲ್ಲಿ ನೋಡಿಕೊಳ್ಳೋಣ ಎಂದು ಕಾಯುವುದರಲ್ಲಿ ಲಾಭವಿದೆ ಎಂದು ನನಗೆ ಅನ್ನಿಸುವುದಿಲ್ಲ.

ಹಣ ಕಟ್ಟಿದ ಮೇಲೆ ರಸೀದಿಯನ್ನು ಉಳಿಸಿಕೊಳ್ಳಿ, ಒಂದೆರಡು ದಿನ ಬಿಟ್ಟು ಅದೇ ಜಾಲತಾಣದಲ್ಲಿ ಬಾಕಿ ತೀರಿದೆಯೇ ಎಂದು ಮತ್ತೆ ನೋಡಿ. ಖಾತೆಯಿಂದ ಹಣ ಹೋಗಿ ಚಲನ್ ಹಾಗೆಯೇ ಉಳಿದಿದ್ದರೆ ಎರಡನೆಯ ಬಾರಿ ಕಟ್ಟದೆ, ವಹಿವಾಟಿನ ಸಂಖ್ಯೆಯೊಂದಿಗೆ ಠಾಣೆಯಲ್ಲಿ ಕೇಳಿ.

ತಪ್ಪು ನಿಮ್ಮದಲ್ಲ ಎನ್ನುವುದಾದರೆ ಕಟ್ಟಬೇಡಿ. ಕಟ್ಟಿದ ಮೇಲೆ ತಕರಾರು ಹೇಳುವುದು ಬಹಳ ಕಷ್ಟ. ಫೋಟೊದಲ್ಲಿರುವ ವಾಹನದ ಬಣ್ಣವೋ ಮಾದರಿಯೋ ಬೇರೆಯಾಗಿದ್ದು ಸಂಖ್ಯೆ ಮಾತ್ರ ನಿಮ್ಮದಾಗಿದ್ದರೆ, ಅಂಕಿಯನ್ನು ತಪ್ಪಾಗಿ ಓದಿರಬಹುದು ಅಥವಾ ಯಾರೋ ನಕಲಿ ಫಲಕ ಹಾಕಿಕೊಂಡಿರಬಹುದು. ಆಗ ಆರ್‌ಸಿಯ ಪ್ರತಿ, ನಿಮ್ಮ ವಾಹನದ ಮುಂದಿನ ಮತ್ತು ಹಿಂದಿನ ಫೋಟೊ, ಚಲನ್‌ನ ಪ್ರತಿ ಇವನ್ನು ಲಗತ್ತಿಸಿ ಸಂಬಂಧಪಟ್ಟ ಸಂಚಾರ ಠಾಣೆಯ ಇನ್‌ಸ್ಪೆಕ್ಟರ್ ಅವರಿಗೆ ಲಿಖಿತ ಮನವಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಠಸ್ಸೆ ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು. ಬಾಯಿಮಾತಿನಲ್ಲಿ ಹೇಳಿ ಬಂದದ್ದಕ್ಕೆ ಮುಂದೆ ಆಧಾರವಿರುವುದಿಲ್ಲ. ನಕಲಿ ಫಲಕದ ಅನುಮಾನ ಬಲವಾಗಿದ್ದರೆ ಪ್ರತ್ಯೇಕವಾಗಿ ಪೊಲೀಸ್ ದೂರನ್ನೂ ಕೊಡುವುದು ಒಳ್ಳೆಯದು, ಏಕೆಂದರೆ ನಾಳೆ ಆ ವಾಹನ ಹೆಲ್ಮೆಟ್‌ಗಿಂತ ದೊಡ್ಡ ಪ್ರಕರಣದಲ್ಲಿ ಸಿಕ್ಕಿಕೊಳ್ಳಬಹುದು.

ಮಾರಿದ ವಾಹನದ ವಿಷಯವನ್ನು ನಾನು ಅನುಭವದಿಂದಲೇ ಹೇಳಬೇಕು. ಕೆಲವು ವರ್ಷಗಳ ಹಿಂದೆ ಹಳೆಯ ಸ್ಕೂಟರನ್ನು ಪರಿಚಯದವರೊಬ್ಬರಿಗೆ ಕೊಟ್ಟಿದ್ದೆ. ಅವರು ವರ್ಗಾವಣೆ ಮಾಡಿಸಿಕೊಳ್ಳದೆ ಮಂಡ್ಯದಲ್ಲಿ ಓಡಿಸಿಕೊಂಡಿದ್ದರು, ನೋಟಿಸು ಮಾತ್ರ ನನ್ನ ಮನೆಗೆ ಬಂತು. ಅದೃಷ್ಟಕ್ಕೆ, ಮಾರಾಟದ ವರದಿಯಾದ ನಮೂನೆ 29ನ್ನು ಆರ್‌ಟಿಒ ಕಚೇರಿಗೆ ಸಲ್ಲಿಸಿ ಸ್ವೀಕೃತಿ ಪಡೆದಿದ್ದೆ, ಅದನ್ನು ತೋರಿಸಿದ ಮೇಲೆ ನನ್ನ ತಾಪತ್ರಯ ಮುಗಿಯಿತು. 50ನೇ ಕಲಂ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ ತಿಳಿಸಬೇಕು. ಅಲ್ಲದೆ, ವಾಹನ ಓಡಿಸುತ್ತಿದ್ದವರು ಯಾರೆಂದು ಪೊಲೀಸರು ಕೇಳಿದರೆ ಮಾಲೀಕರು ಮಾಹಿತಿ ಕೊಡಲೇಬೇಕೆಂದು 133ನೇ ಕಲಂ ಹೇಳುತ್ತದೆ. ಆ ದಿನ ವಾಹನ ಯಾರ ಕೈಯಲ್ಲಿತ್ತೋ ಗೊತ್ತಿಲ್ಲ ಎಂಬ ಉತ್ತರ ನಡೆಯುವುದಿಲ್ಲ.

ನ್ಯಾಯಾಲಯದ ದಾಖಲೆಯಲ್ಲಿ ಹುಡುಕುವುದು

ರಾಜಿಗೆ ಅವಕಾಶವಿಲ್ಲದ ತಪ್ಪುಗಳು ನೇರವಾಗಿ ನ್ಯಾಯಾಲಯಕ್ಕೆ ಹೋಗುತ್ತವೆ. ಕುಡಿದು ವಾಹನ ಓಡಿಸಿದ 185ನೇ ಕಲಂ ಪ್ರಕರಣ ಇದಕ್ಕೆ ಎಲ್ಲರಿಗೂ ಪರಿಚಿತ ಉದಾಹರಣೆ. ಮೊದಲ ಬಾರಿಗೇ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಅಪ್ರಾಪ್ತ ವಯಸ್ಸಿನ ಮಕ್ಕಳಿಗೆ ಬೈಕು ಕೊಟ್ಟ ಪೋಷಕರು ಅಥವಾ ಮಾಲೀಕರ ಮೇಲೆ ಬರುವ 199ಎ ಕಲಂ ಇನ್ನೂ ಕಠಿಣ: ಮೂರು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ. ಇಂಥ ಪ್ರಕರಣಗಳಲ್ಲಿ ಈ ಬರಹವನ್ನು ನೆಚ್ಚಿಕೊಳ್ಳದೆ ವಕೀಲರನ್ನು ನೋಡಬೇಕು. ಬಾಕಿ ಉಳಿದ ಸಾಧಾರಣ ಚಲನ್‌ಗಳನ್ನೂ ಪೊಲೀಸರು ನ್ಯಾಯಾಲಯಕ್ಕೆ ಕಳುಹಿಸಬಹುದು.

ಹುಡುಕಲು ಇ-ಕೋರ್ಟ್ಸ್ ಸೇವೆಗಳ ಜಾಲತಾಣವೂ ಅದೇ ಹೆಸರಿನ ಮೊಬೈಲ್ ಆ್ಯಪ್ ಕೂಡ ಇವೆ. ಸಮನ್ಸ್ ಮೇಲೆ 16 ಅಕ್ಷರ ಮತ್ತು ಅಂಕಿಗಳ ಸಿಎನ್‌ಆರ್ ಸಂಖ್ಯೆ (ಪ್ರತಿ ಕೇಸಿಗೂ ಕೊಡುವ ಪ್ರತ್ಯೇಕ ಸಂಖ್ಯೆ) ಇದ್ದರೆ ಕೆಲಸ ಸುಲಭ: ಮೊದಲ ಎರಡು ಅಕ್ಷರ ರಾಜ್ಯವನ್ನು, ನಂತರದ ಎರಡು ಜಿಲ್ಲೆಯನ್ನು, ಕೊನೆಯ ನಾಲ್ಕು ಅಂಕಿ ವರ್ಷವನ್ನು ಸೂಚಿಸುತ್ತವೆ. ಅದಿಲ್ಲವಾದರೆ ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಇವನ್ನು ಒಂದೊಂದಾಗಿ ಆರಿಸಿಕೊಂಡು ಪಕ್ಷಕಾರರ ಹೆಸರು ಮತ್ತು ವರ್ಷ ಹಾಕಿ ಹುಡುಕಬೇಕು. ಹೆಸರಿನ ಕಾಗುಣಿತ ಇಲ್ಲಿ ದೊಡ್ಡ ತೊಡಕು. ಪೊಲೀಸರು ಆರ್‌ಸಿಯಲ್ಲಿದ್ದ ಹಾಗೆ ಬರೆದಿರುತ್ತಾರೆ, ನೀವು ಆಧಾರ್‌ನಲ್ಲಿರುವ ಹಾಗೆ ಹುಡುಕುತ್ತೀರಿ. ‘ಸ್ವಾಮಿ’ಯನ್ನು ಇಂಗ್ಲಿಷಿನಲ್ಲಿ ಬರೆಯುವ ಬಗೆಗಳು ಎಷ್ಟಿವೆ ಎಂದು ನೆನೆದರೆ ಸಾಕು. ಪೂರ್ತಿ ಹೆಸರಿನ ಬದಲು ಮೊದಲ ಕೆಲವು ಅಕ್ಷರಗಳನ್ನಷ್ಟೇ ಹಾಕಿ ನೋಡಿ. ವಾಹನ ಬೆಂಗಳೂರಿನಲ್ಲಿ ಸಿಕ್ಕಿಬಿದ್ದಿದ್ದರೆ, ಚಲನ್ ಕೇಸುಗಳನ್ನು ಆನ್‌ಲೈನಿನಲ್ಲೇ ನಡೆಸುವ ವರ್ಚುವಲ್ ಕೋರ್ಟ್ ಜಾಲತಾಣದ ಕರ್ನಾಟಕ ಸಂಚಾರ ವಿಭಾಗವನ್ನೂ ತೆರೆದು, ವಾಹನದ ಅಥವಾ ಚಲನ್‌ನ ಸಂಖ್ಯೆ ಹಾಕಿ ನೋಡಬೇಕು. ಅಲ್ಲಿ ದಂಡ ಕಟ್ಟುವ ಆಯ್ಕೆಯೂ ಇದೆ, ಪ್ರಕರಣವನ್ನು ಪ್ರಶ್ನಿಸುವ ಆಯ್ಕೆಯೂ ಇದೆ. ಪ್ರಶ್ನಿಸಿದರೆ ಕೇಸು ಮಾಮೂಲಿ ನ್ಯಾಯಾಲಯಕ್ಕೆ ಹೋಗುತ್ತದೆ.

ದಾಖಲೆ ಸಿಕ್ಕಿದ ಮೇಲೆ ಕೇಸಿನ ಸಂಖ್ಯೆ, ನ್ಯಾಯಾಲಯದ ಹೆಸರು, ಮುಂದಿನ ವಾಯಿದೆ, ಈಗಿನ ಹಂತ ಈ ನಾಲ್ಕನ್ನು ಬರೆದುಕೊಳ್ಳಿ. ಮೈಸೂರಿನಲ್ಲಿ ಇನ್ನೊಂದು ಎಚ್ಚರಿಕೆ ಬೇಕು: ಕೃಷ್ಣರಾಜ ಬುಲೆವಾರ್ಡ್‌ನ ಹಳೆಯ ಸಂಕೀರ್ಣವಲ್ಲದೆ ಜಯನಗರದ ಮಳಲವಾಡಿಯಲ್ಲಿಯೂ ನ್ಯಾಯಾಲಯ ಕಟ್ಟಡವಿದೆ. ನಿಮ್ಮ ಕೇಸಿನ ನ್ಯಾಯಾಲಯ ಎಲ್ಲಿ ಕೂರುತ್ತದೆ ಎಂದು ಹಿಂದಿನ ದಿನವೇ ವಿಚಾರಿಸಿಕೊಂಡರೆ, ಹೆಸರು ಕೂಗುವ ಹೊತ್ತಿಗೆ ಆಟೊದಲ್ಲಿ ಓಡಾಡುವುದು ತಪ್ಪುತ್ತದೆ. ಜಾಲತಾಣದಲ್ಲಿ ಏನೂ ಸಿಗದಿದ್ದರೆ ಚಲನ್ ಹಿಡಿದು ಆ ನ್ಯಾಯಾಲಯದ ಕಚೇರಿಗೆ ಹೋಗಿ ಶಿರಸ್ತೇದಾರರನ್ನೋ ಬೆಂಚ್ ಕ್ಲರ್ಕರನ್ನೋ ಕೇಳಬಹುದು. ಆದೇಶದ ದೃಢೀಕೃತ ನಕಲು ಬೇಕಾದವರು ನಕಲು ವಿಭಾಗಕ್ಕೆ ಅರ್ಜಿ ಕೊಟ್ಟು ಶುಲ್ಕ ಕಟ್ಟಬೇಕು. ಜಾಲತಾಣದಿಂದ ಮುದ್ರಿಸಿಕೊಂಡ ಹಾಳೆ ತಿಳಿವಳಿಕೆಗೆ ಸಾಕು, ಇನ್ನೊಂದು ಕಚೇರಿಗೆ ಸಲ್ಲಿಸಲು ಸಾಲದು.

ಸಮನ್ಸ್‌ಗೆ ಉತ್ತರ

ಸಮನ್ಸ್ ಬಂದ ಮೇಲೆ ಸುಮ್ಮನಿರುವುದು ಎಲ್ಲಕ್ಕಿಂತ ಕೆಟ್ಟ ದಾರಿ, ಏಕೆಂದರೆ ಹಾಜರಾಗದವರ ಮೇಲೆ ವಾರಂಟ್ ಹೊರಡಬಹುದು. ಆದರೆ ಸ್ವತಃ ಹೋಗುವುದೊಂದೇ ಮಾರ್ಗವಲ್ಲ. 208ನೇ ಕಲಂನ ಸಂಕ್ಷಿಪ್ತ ವಿಚಾರಣೆಯಲ್ಲಿ, ಆರೋಪಿಯು ವಕೀಲರ ಮೂಲಕ ಹಾಜರಾಗಬಹುದೆಂದೋ, ಗೊತ್ತುಪಡಿಸಿದ ದಿನಾಂಕದೊಳಗೆ ನೋಂದಾಯಿತ ಅಂಚೆಯಲ್ಲಿ ತಪ್ಪೊಪ್ಪಿಗೆಯ ಪತ್ರವನ್ನು ಬರೆದು ನಮೂದಿಸಿದ ಮೊತ್ತವನ್ನು ಕಳುಹಿಸಬಹುದೆಂದೋ ನ್ಯಾಯಾಲಯ ಸಮನ್ಸ್‌ನಲ್ಲಿಯೇ ತಿಳಿಸಲು ಅವಕಾಶವಿದೆ. ಆ ಹಾಳೆಯನ್ನು ಕೊನೆಯ ಸಾಲಿನವರೆಗೆ ಓದಿ.

ಸ್ವತಃ ಹೋಗುವವರು ಕಲಾಪ ಆರಂಭವಾಗುವ ಅರ್ಧ ಗಂಟೆ ಮೊದಲೇ ತಲುಪಿ, ಆ ದಿನದ ಪಟ್ಟಿಯಲ್ಲಿ ತಮ್ಮ ಕ್ರಮಸಂಖ್ಯೆ ನೋಡಿಕೊಂಡು, ಮೊಬೈಲನ್ನು ಮೌನವಾಗಿಟ್ಟು ಕುಳಿತಿರಬೇಕು. ಸಮನ್ಸ್, ಗುರುತಿನ ಚೀಟಿ, ಆರ್‌ಸಿ, ವಿಮೆ ಮತ್ತು ಪರವಾನಗಿಯ ಪ್ರತಿಗಳು ಕೈಯಲ್ಲಿರಲಿ. ಹೆಸರು ಕೂಗಿದಾಗ ಮುಂದೆ ಹೋದರೆ ನ್ಯಾಯಾಧೀಶರು ಆಪಾದನೆಯನ್ನು ತಿಳಿಸಿ ಒಪ್ಪುತ್ತೀರಾ ಎಂದು ಕೇಳುತ್ತಾರೆ. ಒಪ್ಪಿದರೆ ದಂಡ ವಿಧಿಸುತ್ತಾರೆ, ಅದನ್ನು ಕಟ್ಟಿ ರಸೀದಿ ಪಡೆಯಬೇಕು. ಒಪ್ಪಿಕೊಂಡ ಮೇಲೆ ಮೇಲ್ಮನವಿಯ ಬಾಗಿಲು ಬಹುಮಟ್ಟಿಗೆ ಮುಚ್ಚುತ್ತದೆ. ಆಪಾದನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಸ್ವಾಮಿ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಮುಜುಗರಕ್ಕೆ ತಲೆಯಾಡಿಸಿ, ಆಮೇಲೆ ಜಗಲಿಯಲ್ಲಿ ನಿಂತು ಏನಾಯಿತೆಂದು ಪಕ್ಕದವರನ್ನು ಕೇಳುವವರು ಅಪರೂಪವಲ್ಲ.

ಒಪ್ಪುವುದಿಲ್ಲ ಎಂದರೆ ಸಾಕ್ಷಿಗಾಗಿ ದಿನಾಂಕ ಕೊಡುತ್ತಾರೆ. ಅತಿವೇಗದ ಆರೋಪದಲ್ಲಿ ಎರಡು ಅಂಶಗಳು ನಿಮ್ಮ ಪರವಾಗಿ ಇರಬಹುದು. 183ನೇ ಕಲಂ ಪ್ರಕಾರ, ಯಂತ್ರದ ಅಥವಾ ಎಲೆಕ್ಟ್ರಾನಿಕ್ ಉಪಕರಣದ ಅಳತೆಯ ಆಧಾರವಿಲ್ಲದೆ, ವೇಗ ಹೆಚ್ಚಿತ್ತೆಂಬ ಒಬ್ಬ ಸಾಕ್ಷಿಯ ಅಭಿಪ್ರಾಯದ ಮೇಲಷ್ಟೇ ಶಿಕ್ಷೆ ವಿಧಿಸುವಂತಿಲ್ಲ. ಇನ್ನು 209ನೇ ಕಲಂ ಪ್ರಕಾರ, ಅತಿವೇಗ ಮತ್ತು ಅಪಾಯಕಾರಿ ಚಾಲನೆಯ ಪ್ರಕರಣಗಳಲ್ಲಿ ಸ್ಥಳದಲ್ಲೇ ಎಚ್ಚರಿಕೆ ಕೊಟ್ಟಿರಬೇಕು, ಅಥವಾ 14 ದಿನಗಳೊಳಗೆ ನೋಟಿಸು ಕಳುಹಿಸಿರಬೇಕು, ಅಥವಾ 28 ದಿನಗಳೊಳಗೆ ಸಮನ್ಸ್ ಜಾರಿಯಾಗಿರಬೇಕು. ಹೆಸರು ವಿಳಾಸ ಸಕಾಲದಲ್ಲಿ ಪತ್ತೆಯಾಗದಿದ್ದರೆ ಅಥವಾ ವಿಳಂಬಕ್ಕೆ ಆರೋಪಿಯೇ ಕಾರಣನಾಗಿದ್ದರೆ ಇದಕ್ಕೆ ವಿನಾಯಿತಿ ಇದೆ. ಕ್ಯಾಮೆರಾದ ಚಿತ್ರವನ್ನು ಸಾಕ್ಷ್ಯವಾಗಿ ತರುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಂ ಎಲೆಕ್ಟ್ರಾನಿಕ್ ದಾಖಲೆಗೆ ಕೇಳುವ ಪ್ರಮಾಣಪತ್ರ ಇದೆಯೇ ಎಂಬುದನ್ನೂ ನೋಡಬೇಕು. ಬಹಳ ಹಳೆಯ ಕೇಸಾದರೆ ಕಾಲಮಿತಿಯ ಪ್ರಶ್ನೆಯೂ ಏಳುತ್ತದೆ: ಕೇವಲ ದಂಡದ ಶಿಕ್ಷೆಯಿರುವ ಅಪರಾಧವನ್ನು ಆರು ತಿಂಗಳ ನಂತರ ವಿಚಾರಣೆಗೆ ತೆಗೆದುಕೊಳ್ಳಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 514ನೇ ಕಲಂ ತಡೆಯೊಡ್ಡುತ್ತದೆ, ಆದರೆ ಸರಿಯಾದ ಕಾರಣವಿದ್ದರೆ ಆ ವಿಳಂಬವನ್ನು ಮನ್ನಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಇವು ಕಾನೂನಿನ ವಾದಗಳು. 500 ರೂಪಾಯಿಗಾಗಿ ನಾಲ್ಕು ವಾಯಿದೆ ಅಲೆಯುವುದು ಬೇಕೇ ಎಂಬುದು ಲೆಕ್ಕಾಚಾರದ ಮಾತು; ಪರವಾನಗಿಯೇ ಜೀವನವಾಗಿರುವ ಟ್ಯಾಕ್ಸಿ, ಲಾರಿ ಚಾಲಕರಿಗೆ ಮಾತ್ರ ಆ ಅಲೆದಾಟಕ್ಕೆ ಅರ್ಥವಿದೆ.

ವಕೀಲರ ಶುಲ್ಕ ಭರಿಸಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ನೆರವು ಕೇಳಬಹುದು, ಸಹಾಯವಾಣಿಯ ಸಂಖ್ಯೆ 15100. ರಾಷ್ಟ್ರೀಯ ಲೋಕ ಅದಾಲತ್ ನಡೆಯುವ ದಿನಗಳಲ್ಲಿ ರಾಜಿಯಾಗಬಲ್ಲ ಸಂಚಾರ ಪ್ರಕರಣಗಳನ್ನೂ ತೆಗೆದುಕೊಳ್ಳುತ್ತಾರೆ. ಅಲ್ಲಿ ಆದ ತೀರ್ಮಾನವೇ ಅಂತಿಮ, ಮೇಲ್ಮನವಿ ಇರುವುದಿಲ್ಲ. ಯಾವ ದಾರಿಯಲ್ಲಿ ಮುಗಿದರೂ ಕೆಲವು ದಿನಗಳ ನಂತರ ಇ-ಕೋರ್ಟ್ಸ್‌ನಲ್ಲಿ ಕೇಸು ವಿಲೇವಾರಿಯಾಗಿದೆ ಎಂದೂ ಇ-ಚಲನ್ ತಾಣದಲ್ಲಿ ಬಾಕಿ ಇಲ್ಲವೆಂದೂ ಬಂದಿದೆಯೇ ನೋಡಿ, ಎರಡರ ಪ್ರತಿಯನ್ನೂ ಆರ್‌ಸಿಯ ಜೊತೆಯಲ್ಲಿಡಿ; ವಾಹನ ಮಾರುವ ದಿನ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.